ಜಗಲಿ ಜಗಲಿಗೂ ನಿಂತವರು

ನಮ್ಮೂರು ಸೋಮನಾಥಪುರದ ಪಕ್ಕ. ಮನೆಯಿಂದ ಹಾಲಿನ ಡೈರಿಗೆ ಹತ್ತು ನಿಮಿಷದ ದಾರಿ. ನಮ್ಮ ಯಜಮಾನರು ಅರ್ಧ ದಾರಿಗೇ ಮೀನಖಂಡ ಹಿಡಿದುಕೊಂಡು ಕೂರತೊಡಗಿದಾಗ ಮೈಸೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಬಲಗಾಲಿನ ರಕ್ತನಾಳ ಕಟ್ಟಿಕೊಂಡಿತ್ತು. ತೊಡೆಯ ಸಂದಿಯಿಂದ ಸಣ್ಣ ಕೊಳವೆ ತೂರಿಸಿ, ಬಲೂನ್ ಉಬ್ಬಿಸಿ ಬಿಡಿಸಿದರು.

"ಇದು ಮತ್ತೆ ಕಟ್ಕೋಬಹುದು. ಮಾತ್ರೆ ನಿಲ್ಲಿಸ್ಬೇಡಿ, ಬೀಡಿ ಮುಟ್ಬೇಡಿ. ನಡೆಯುವಾಗ ನೋವು ಬಂದ್ರೆ ತಡ ಮಾಡ್ದೆ ಬನ್ನಿ," ಎಂದರು ಡಾಕ್ಟರು.

ವಾಪಸು ಬರುವಾಗ ಬಸ್ಸಿನಲ್ಲೇ, ನಾಲ್ಕು ಜನಕ್ಕೆ ಕೇಳುವ ಹಾಗೆ ಹೇಳಿದೆ: "ಇನ್ನೊಂದ್ ಸಲ ಬೀಡಿ ಮುಟ್ಟುದ್ರೆ, ಕಾಲು ಕೊಳ್ತೋದ್ರೂ ನಾ ತಿರುಗಿ ನೋಡಾಕಿಲ್ಲ ಕಣ್ರೀ." ಇವರು ಕಿಟಕಿಯ ಕಡೆ ಮುಖ ತಿರುಗಿಸಿದರು.

ಎರಡು ವರ್ಷ ಕಾಲು ಚೆನ್ನಾಗಿತ್ತು. ಮೂರನೇ ವರ್ಷ ಇವರಿಗೆ ಮಾತಿನ ಚಟ ಹತ್ತಿತು. ಮದುವೆ ಮನೆಯಲ್ಲೂ ತುಟಿ ಬಿಚ್ಚದ ಮನುಷ್ಯ, ಹಾಲಿನ ಕ್ಯಾನು ಹಿಡಿದು ಜಗಲಿ ಜಗಲಿಗೂ ನಿಲ್ಲುವುದು. "ಅಸ ಕರ ಆಕ್ತಾ?" "ಮಗ್ಳು ಬಂದವ್ಳಾ?" ನನಗೆ ಮೈಯೆಲ್ಲ ಉರಿಯುತ್ತಿತ್ತು. ಊರ ಹೆಂಗಸರ ಯೋಗಕ್ಷೇಮ ಬೇಕು, ಹೆಂಡತಿಯ ಹತ್ತಿರ ಎರಡು ಮಾತಿಲ್ಲ. ಅದನ್ನೂ ಮುಖಕ್ಕೆ ಹೊಡೆದ ಹಾಗೆ ಅಂದೆ. "ಕೇಳುದ್ರೆ ಏನ್ ತಪ್ಪು, ಬುಡೆ," ಎಂದರು, ಅಷ್ಟೇ.

ಒಂದು ಬೆಳಿಗ್ಗೆ, ಇವತ್ತು ಎಲ್ಲೆಲ್ಲಿ ನಿಲ್ಲುತ್ತಾರೋ ನೋಡೇಬಿಡೋಣ ಎಂದು ಹಿಂದೆಯೇ ಹೋದೆ. ಮೂಲೆಮನೆಯವರು ನಂಜನಗೂಡಿಗೆ ಹೋಗಿ ನೆಲೆಸಿ ವರ್ಷವಾಗಿತ್ತು. ಇವರು ಆ ಮನೆಯ ಮುಂದೆ ಕ್ಯಾನು ಇಳಿಸಿ, ಬಗ್ಗಿ ಮೀನಖಂಡ ಹಿಸುಕಿಕೊಳ್ಳುತ್ತಿದ್ದರು. ನನ್ನ ಹೆಜ್ಜೆ ಸಪ್ಪಳ ಕೇಳಿದ್ದೇ ತಡ, ಯಾರೆಂದು ತಿರುಗಿಯೂ ನೋಡದೆ, ಬೀಗ ಹಾಕಿದ ಬಾಗಿಲಿಗೆ "ಏನವ್ವಾ, ಎಲ್ಲಾ ಚೆನ್ನಾಗಿದ್ದೀರಾ?" ಎಂದರು.

ಬಾಯಿ ಬಿಡಿಸಿದೆ. ವರ್ಷದಿಂದ ನೋವಂತೆ. ಬೀಡಿ ಅದಕ್ಕೂ ಮೊದಲೇ ಶುರುವಾಗಿತ್ತಂತೆ. ಚಳಿಗೆಂದು ಹಾಕುತ್ತಿದ್ದ ಕಾಲುಚೀಲದೊಳಗೆ ಹೆಬ್ಬೆರಳು ಕಪ್ಪಾಗಿತ್ತು.

ಮೈಸೂರಿನ ಆಸ್ಪತ್ರೆಯಲ್ಲಿ ಮತ್ತೆ ಬಲೂನ್ ಹಾಕಲು ನೋಡಿದರು, ಕೊಳವೆ ತೂರಲಿಲ್ಲ. "ನೋವು ಶುರುವಾದಾಗ್ಲೇ ಬಂದಿದ್ರೆ ಏನಾದ್ರೂ ಮಾಡ್ಬಹುದಿತ್ತು. ಯಾಕೆ ಬರ್ಲಿಲ್ಲ?" ಎಂದು ಡಾಕ್ಟರು ಕೇಳಿದರು.

ಇವರು ನನ್ನ ಮುಖ ನೋಡಿದರು. "ಏನೂ ಗೊತ್ತಾಗ್ಲಿಲ್ಲ ಸಾ."

ಅಲ್ಲಿಯೂ ನನ್ನ ಮರ್ಯಾದೆ ಕಾಪಾಡಿದರು. ಬೀಡಿ ಸೇದಿದ್ದನ್ನು ಕ್ಷಮಿಸಿದ್ದೇನೆ, ಇದನ್ನು ಕ್ಷಮಿಸಲು ಇವತ್ತಿಗೂ ಆಗಿಲ್ಲ. ನನ್ನ ಬಾಯಿಗೆ ಹೆದರಿ ಒಂದು ಕಾಲು ಕಳೆದುಕೊಂಡರಲ್ಲ. ಮೊಣಕಾಲಿನ ಕೆಳಗೆ ತೆಗೆದರು.

ಈಗ ಡೈರಿಗೆ ಹಾಲು ಹಾಕಲು ನಾನೇ ಹೋಗುತ್ತೇನೆ. ಜಗಲಿಗಳಿಂದ ಕೇಳುತ್ತಾರೆ: "ಯಜಮಾನ್ರು ಎಂಗವ್ರೆ? ದಿನಾ ನಿಂತು ನಮ್ ಕಷ್ಟಸುಖ ಕೇಳೋರು ಕಣವ್ವ. ಅಂಥೋರು ಸಿಕ್ಕಾಕಿಲ್ಲ."

"ಚೆನ್ನಾಗವ್ರೆ," ಎನ್ನುತ್ತೇನೆ, ನಿಲ್ಲುವುದಿಲ್ಲ. ನನ್ನ ಎರಡು ಕಾಲಿಗೆ ಅದು ಹತ್ತೇ ನಿಮಿಷದ ದಾರಿ.