ಕ್ಯುಮ್ಯುಶ್ ಹೆಸರನ್ನು ತಿದ್ದದ ಬ್ಯುಸೈರಾ

ಕಿರ್ಗಿಸ್ತಾನದ ನರಿನ್ ಪಟ್ಟಣಕ್ಕೆ ಈಗಷ್ಟೇ ಬೆಳಕು ಹರಿಯುತ್ತಿದೆ. ಔಷಧ ಉಗ್ರಾಣದ ಮೂಲೆಯ ಕೋಣೆಯಲ್ಲಿ ಬ್ಯುಸೈರಾ ಕೋಟು ಕೂಡ ಬಿಚ್ಚದೆ, ವಾಪಸ್ ಬಂದ ಕಡತಗಳನ್ನು ಒಂದೊಂದಾಗಿ ತೆರೆಯುತ್ತಿದ್ದಾರೆ. ಎಂಟಕ್ಕೆ ವ್ಯಾನುಗಳು ಹೊರಡುತ್ತವೆ.

ನಲವತ್ತಾರು ಹಳ್ಳಿ ಆಸ್ಪತ್ರೆಗಳ ಬೇಡಿಕೆ ಇಲ್ಲಿಗೆ ಎಕ್ಸ್‌ಎಂಎಲ್ ಎಂಬ ಕಂಪ್ಯೂಟರ್ ಕಡತವಾಗಿ ಬರುತ್ತದೆ. ಅದರಲ್ಲಿ ಏನು, ಎಲ್ಲಿ, ಹೇಗಿರಬೇಕು ಎಂಬ ನಿಯಮಪಟ್ಟಿಯೇ ಸ್ಕೀಮಾ. ಕಡತ ಅದಕ್ಕೆ ಹೊಂದುತ್ತದೆಯೇ ಎಂದು ಹಳೆಯ ತಂತ್ರಾಂಶವೊಂದು ನೋಡುತ್ತದೆ. ಅದು ಒಪ್ಪದಿದ್ದರೆ ಔಷಧ ಕದಲುವುದಿಲ್ಲ. ದಿನಕ್ಕೆ ನೂರಮೂವತ್ತು ಕಡತ ಬಂದರೆ ಇಪ್ಪತ್ತು ವಾಪಸ್. ಅವುಗಳಲ್ಲಿ ನಾಲ್ಕೈದರಲ್ಲಿ ತಪ್ಪು ಕಡತದ್ದಲ್ಲ, ತಂತ್ರಾಂಶದ್ದು. ಅದನ್ನು ಸಾಬೀತು ಮಾಡುವುದು ಬ್ಯುಸೈರಾ ಕೆಲಸ.

ಐವತ್ತೊಂದರ ಈಕೆ ಮೊದಲು ಜಿಲ್ಲಾ ಪತ್ರಿಕೆಯೊಂದರಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದವರು. ಪತ್ರಿಕೆ ಮುಚ್ಚಿತು, ಗಂಡ ತೀರಿಕೊಂಡರು. ಉಗ್ರಾಣದಲ್ಲಿ ಟೈಪಿಂಗ್‌ಗೆ ಸೇರಿ, ಉಳಿದದ್ದನ್ನು ನೋಡಿ ನೋಡಿಯೇ ಕಲಿತರು.

ಕಳೆದ ಚಳಿಗಾಲದಲ್ಲಿ ಬೆಟ್ಟದ ಮೇಲಿನ ಆಸ್ಪತ್ರೆಯಿಂದ ನರ್ಸ್ ಜಿಪಾರಾ ಫೋನ್ ಮಾಡಿದಳು. ಕ್ಯುಮ್ಯುಶ್ ಎಂಬ ಒಂಬತ್ತರ ಹುಡುಗಿಗೆ ಇನ್ಸುಲಿನ್ ಬೇಕು, ಕಡತ ಮೂರು ಸಲ ವಾಪಸ್ ಬಂದಿದೆ.

"ಎಜೆ, ಇರೋದು ಎರಡು ದಿನದ ಮದ್ದು. ನಾನೇನು ತಪ್ಪು ಮಾಡ್ದೆ ಅಂತ್ಲೂ ಇದು ಹೇಳ್ತಿಲ್ಲ," ಎಂದಳು. ಎಜೆ ಎಂದರೆ ಅಕ್ಕ.

ಬ್ಯುಸೈರಾ ಕಡತವನ್ನು ಅರ್ಧ ಮಾಡಿ ಪರೀಕ್ಷಿಸಿದರು. ತಪ್ಪಿದ್ದ ಅರ್ಧವನ್ನು ಮತ್ತೆ ಅರ್ಧ ಮಾಡಿದರು. ಕೊನೆಗೆ ಉಳಿದದ್ದು ಒಂದೇ ಸಾಲು: ಹುಡುಗಿಯ ಹೆಸರು. ಹೆಸರಿನಲ್ಲಿ ಯಾವ ಅಕ್ಷರವಾದರೂ ಇರಬಹುದು ಎಂದು ಸ್ಕೀಮಾ ಹೇಳುತ್ತದೆ. ತಂತ್ರಾಂಶಕ್ಕೆ ಗೊತ್ತಿದ್ದದ್ದು ರಷ್ಯನ್ ಅಕ್ಷರಗಳು ಮಾತ್ರ. ಕಿರ್ಗಿಝ್ ಭಾಷೆಗೇ ಇರುವ ಮೂರು ಅಕ್ಷರ ಅದರ ಲೆಕ್ಕದಲ್ಲೇ ಇರಲಿಲ್ಲ; ಅವುಗಳಲ್ಲೊಂದು ಹುಡುಗಿಯ ಹೆಸರಿನಲ್ಲಿತ್ತು. ಅದೇ ಕಡತವನ್ನು ಬೇರೆ ಎರಡು ತಂತ್ರಾಂಶಗಳಿಗೆ ಕೊಟ್ಟರು. ಎರಡೂ ಒಪ್ಪಿದವು.

ರಾಜಧಾನಿಯಲ್ಲಿದ್ದ ಅಧಿಕಾರಿ ತಾಲಾಯ್ ಸುಲಭದ ದಾರಿ ಹೇಳಿದ: ಹತ್ತಿರದ ರಷ್ಯನ್ ಅಕ್ಷರ ಹಾಕಿ ಕಳಿಸಿಬಿಡಿ.

"ಇವತ್ತು ಹಾಕ್ತೀನಪ್ಪ. ನಾಳೆ ಚೀಟಿಯಲ್ಲೊಂದು ಹೆಸರು, ಗುರುತಿನ ಕಾರ್ಡಲ್ಲೊಂದು ಹೆಸರು ಅಂತ ಮದ್ದು ಕೊಡದೇ ವಾಪಸ್ ಕಳಿಸಿದ್ರೆ ನೀನು ಬಂದು ನಿಲ್ತೀಯಾ?" ಎಂದು ಬ್ಯುಸೈರಾ ಕೇಳಿದರಂತೆ.

ಬ್ಯುಸೈರಾ ಆ ಒಂದೇ ಸಾಲಿನ ಚಿಕ್ಕ ಮಾದರಿ ಕಡತ ಮಾಡಿ, ಮೂರು ತಂತ್ರಾಂಶಗಳ ಉತ್ತರವನ್ನೂ ಲಗತ್ತಿಸಿ, ಕೆಳಗೆ ತಮ್ಮ ಸಹಿ ಹಾಕಿ ರಾಜಧಾನಿಗೆ ಕಳಿಸಿದರು. ಮಧ್ಯಾಹ್ನಕ್ಕೆ, ತಂತ್ರಾಂಶವನ್ನು ಬದಿಗಿಟ್ಟು ಔಷಧ ಕಳಿಸಲು ಅಲ್ಲಿಂದ ಒಪ್ಪಿಗೆ ಬಂತು. ಸಂಜೆಯೊಳಗೆ ವ್ಯಾನು ಬೆಟ್ಟ ಹತ್ತಿತು. ತಂತ್ರಾಂಶ ಮಾಡಿದವರು ಈಗ ಇಲ್ಲ, ಅದನ್ನು ತಿದ್ದುವವರಿಲ್ಲ. ಹಾಗಾಗಿ ಮುಂದಿನ ತಿಂಗಳು ಸ್ಕೀಮಾದಲ್ಲೇ ಆ ಮೂರು ಅಕ್ಷರಗಳನ್ನು ಬಿಡಿಬಿಡಿಯಾಗಿ ಹೆಸರಿಸಲಾಯಿತು. ಕಾರಣ ತಿಳಿಯದೆ ಬಿದ್ದಿದ್ದ ಇನ್ನೂರಹನ್ನೆರಡು ಬೇಡಿಕೆಗಳು ಒಂದೇ ಬೆಳಿಗ್ಗೆ ದಾಟಿಹೋದವು.

ವಸಂತದಲ್ಲಿ ಕ್ಯುಮ್ಯುಶ್‌ಳ ಅಜ್ಜಿ ಒಂದು ಚೀಲ ಕುರುತ್ ಹೊತ್ತು ಬಂದರು, ಮನೆಯಲ್ಲೇ ಒಣಗಿಸಿದ ಉಪ್ಪು ಮೊಸರಿನ ಉಂಡೆ. ಉಗ್ರಾಣದಲ್ಲಿ ಡಾಕ್ಟರನ್ನು ಹುಡುಕಿದರು. ಇಲ್ಲಿ ಡಾಕ್ಟರಿಲ್ಲ ಎಂದು ಗೊತ್ತಾದ ಮೇಲೆ ಬ್ಯುಸೈರಾ ಕೈ ಹಿಡಿದು, "ನೀನೇನು ಮಾಡ್ದೆ ಅಂತ ನಂಗರ್ಥ ಆಗ್ಲಿಲ್ಲ ಮಗಳೇ. ಹುಡುಗಿ ಶಾಲೆಗೆ ಹೋಗ್ತಿದಾಳೆ," ಎಂದರಷ್ಟೆ.

ಅಜ್ಜಿಯ ಆ ಮಾತನ್ನು ನೆನೆದು ಹೇಳುವಾಗ ಬ್ಯುಸೈರಾ ಪರದೆಯ ಕಡೆ ತಿರುಗುತ್ತಾರೆ. ಅವರಿಗೊಂದು ಆಸೆಯಿದೆ.

"ತಪ್ಪು ಎಲ್ಲಿದೆ ಅಂತ ಈ ತಂತ್ರಾಂಶ ಜಿಪಾರಾಗೆ ಅರ್ಥ ಆಗೋ ಹಾಗೆ ಹೇಳ್ಬೇಕು. ಆಗ ನನ್ನ ಅರ್ಧ ಕೆಲಸ ಹೋಗುತ್ತೆ. ಹೋಗ್ಲಿ ಬಿಡಿ."