ಲಕ್ಕಯ್ಯನನ್ನು ಏರಿಯ ಮೇಲೆ ಒಯ್ದರು

ಲಕ್ಕಯ್ಯ ಸತ್ತದ್ದು ಗೊತ್ತಾದದ್ದು ಬೆಳಿಗ್ಗೆ, ಊರಿಗೆ ನೀರು ಬಿಡುವ ಹೊತ್ತಿಗೆ. ಪಂಚಾಯ್ತಿಯ ನೀರುಗಂಟಿ ಅವನು. ನಲ್ಲಿಯಲ್ಲಿ ನೀರು ಬರಲಿಲ್ಲವೆಂದು ಬೈಯಲು ಬಂದ ಹೆಂಗಸಿಗೇ ಸುದ್ದಿ ಮೊದಲು ಗೊತ್ತಾಯಿತು. ಬೈಗುಳ ಬಾಯಲ್ಲೇ ಉಳಿಯಿತು.

ದಂಡಿಗನಹಳ್ಳಿ ಕಡೆಯ ಊರು ಅದು. ಊರಿನ ಮೂಡಲಿಗೆ ಕಾಲೋನಿ, ಪಡುವಲಿಗೆ ಹೂಳುವ ಜಾಗ, ನಡುವೆ ದೊಡ್ಡಬೀದಿ. ನೆಟ್ಟಗೆ ನಡೆದರೆ ಬಾಯಲ್ಲಿನ ಎಲೆಅಡಿಕೆ ಮುಗಿಯುವುದರೊಳಗೆ ತಲುಪಬಹುದು. ಆದರೆ ಮೊದಲು ಕಾಲೋನಿಯ ಹೆಣ ಆ ಬೀದಿಯಲ್ಲಿ ಹೋಗುವ ಹಾಗಿರಲಿಲ್ಲ. ಕೆರೆ ಏರಿ ಹತ್ತಿ, ತೂಬು ದಾಟಿ, ಗದ್ದೆಯ ಬದುವಿನ ಮೇಲೆ ಹೋಗಬೇಕಿತ್ತು. ಲಕ್ಕಯ್ಯನ ಅವ್ವ ಸತ್ತದ್ದು ಮಳೆಗಾಲದಲ್ಲಿ. ಬದುವಿನಲ್ಲಿ ಹೊತ್ತವರ ಕಾಲು ಜಾರಿ ಹೆಣ ಗದ್ದೆಗೆ ಬಿತ್ತು. ಲಕ್ಕಯ್ಯ ಇಳಿದು ಅವ್ವನ ಮುಖದ ಕೆಸರನ್ನು ತನ್ನ ಅಂಗಿಯಲ್ಲಿ ಒರೆಸಿದ. ಆಗ ಮದುವೆಯಾಗಿ ಹೊಸತು. ಹೆಂಡತಿ ದೊಡ್ಡತಾಯಮ್ಮ ಅದನ್ನು ನಿಂತು ನೋಡಿದ್ದಳು.

ಅಲ್ಲಿಂದ ಅವನ ಅಲೆದಾಟ ಶುರುವಾಯಿತು. ಇವತ್ತು ಚನ್ನರಾಯಪಟ್ಟಣದ ತಾಲ್ಲೂಕಾಫೀಸು, ನಾಳೆ ಹಾಸನದ ಡೀಸಿ ಆಫೀಸು. ಹೊಳೆನರಸೀಪುರದಲ್ಲಿ, ಅರಕಲಗೂಡಿನಲ್ಲಿ ಸಂಘದ ಸಭೆ ಅಂದರೆ ಅಲ್ಲಿಗೂ ಹೊರಡುವನು. ಬರುವಾಗ ಮಕ್ಕಳಿಗೆ ಕಡ್ಲೆಪುರಿ ತರುವನು. ಎಷ್ಟು ಬೈಸಿಕೊಂಡು ಬಂದರೂ ಪುರಿ ತಪ್ಪಿಸಲಿಲ್ಲ.

"ಏನಂದ್ರು?" ಅಂತ ತಾಯಮ್ಮ ಕೇಳುವಳು.

"ನಾಳೆ ಬಾ ಅಂದ್ರು ಕಣಮ್ಮಿ. ಓಯ್ತೀನಿ. ಅವ್ರಿಗೂ ನನ್ ಮಕ ನೋಡ್ದೆ ಒತ್ತು ಓಗಾಕಿಲ್ಲ."

"ಸತ್ತ ಮ್ಯಾಲೆ ಯಾವ ದಾರೀಲಿ ಓದ್ರೇನು? ಬದುಕಿರೋರ್ನ ನೋಡು."

"ಬದುಕಿರೋರ್ಗೇ ಕಣಮ್ಮಿ ಇದು. ಸತ್ತೋನಿಗೆ ದಾರಿ ಕಂಡದಾ?"

ಕೊನೆಗೊಂದು ದಿನ ಪೊಲೀಸ್ ಜೀಪು ಮುಂದೆ, ಹೆಣ ಹಿಂದೆ, ದೊಡ್ಡಬೀದಿಯಲ್ಲಿ ತಮಟೆ ಬಡಿಯಿತು. ಅವತ್ತು ಜಗಲಿಗಳೆಲ್ಲ ಖಾಲಿ. ಆಮೇಲೆ ಜೀಪು ಬೇಕಾಗಲಿಲ್ಲ. ಬರಬರುತ್ತ ಜಗಲಿಯ ಮೇಲೆ ಕೂತವರು ಹೆಣ ಕಂಡರೆ ಎದ್ದು ನಿಲ್ಲುವುದನ್ನೂ ಕಲಿತರು.

ನೀರುಗಂಟಿಯಾದ ಮೇಲೆ ದೊಡ್ಡಬೀದಿಗೆ ಎಷ್ಟು ಹೊತ್ತೋ ಕಾಲೋನಿಗೂ ಅಷ್ಟೇ ಹೊತ್ತು ನೀರು ಬಿಟ್ಟ. ಬೀದಿಯವರೂ ಬೈದರು, ನಮ್ಮೋನಾಗಿ ಹಿಂಗ್ ಮಾಡ್ತಾನೆ ಅಂತ ಕಾಲೋನಿಯವರೂ ಬೈದರು. ಕೊರೊನಾದಲ್ಲಿ ದೊಡ್ಡಬೀದಿಯ ದೇವರಾಜುವಿನ ಅಪ್ಪ ಸತ್ತಾಗ ನೆಂಟರು ಬಾಗಿಲಾಚೆಯೇ ನಿಂತರು. ಲಕ್ಕಯ್ಯ ಹೋಗಿ ಗುಂಡಿ ತೋಡಿ, ಹೆಣ ಇಳಿಸಿ ಬಂದ. ತಾಯಮ್ಮ ಅವನನ್ನು ಒಳಗೆ ಬಿಡದೆ ಕೊಟ್ಟಿಗೆಯಲ್ಲಿ ಮಲಗಿಸಿದಳು.

"ನಿಂಗೆ ಎಂಡ್ತಿ ಮಕ್ಳಿಗಿಂತ ಎಣವೇ ಎಚ್ಚು" ಅಂದಳು.

"ಎಣ ಬಯ್ಯಾಕಿಲ್ವಲ್ಲಮ್ಮಿ" ಅಂದು ಅವನು ನಕ್ಕ.

ಅಂಥವನ ಹೆಣ ಈಗ ಅಂಗಳದಲ್ಲಿತ್ತು. ಮಧ್ಯಾಹ್ನ ದೇವರಾಜು ಹಿತ್ತಲ ಕಡೆಯಿಂದ ಬಂದು ತಾಯಮ್ಮನನ್ನು ಕರೆದ.

"ಅಕ್ಕಾ," ಅಂದ. ಅವಳನ್ನು ಅವನು ಅಕ್ಕ ಅಂದದ್ದು ಅದೇ ಮೊದಲು. "ಲಕ್ಕಯ್ಯನ ಋಣ ನಾನು ಮರ್ತಿಲ್ಲ. ನಾಳೆ ನನ್ ಮಗಳು ಮೇಘಶ್ರೀ ಮದ್ವೆ. ಬೀದಿ ತುಂಬಾ ಚಪ್ಪರ ಆಕ್ಬುಟ್ಟಿದೀವಿ. ಇವತ್ತೊಂದ್ ದಿವ್ಸ ಏರಿ ಮ್ಯಾಲೆ ತಗೊಂಡೋದ್ರೆ... ಬಲವಂತ ಇಲ್ಲ. ಬ್ಯಾಡ ಅನ್ನು, ಚಪ್ಪರದ ಗಳ ಕಿತ್ತು ದಾರಿ ಬುಡ್ತೀನಿ."

ತಾಯಮ್ಮನ ಮಗ ಶಿವರಾಜು ಊರಿನ ಡೈರಿಯಲ್ಲಿ ಹಾಲು ಅಳೆಯುವ ಕೆಲಸಕ್ಕಿದ್ದ. ಇನ್ನೂ ಕಾಯಂ ಆಗಿರಲಿಲ್ಲ. ಡೈರಿಗೆ ದೇವರಾಜುವೇ ಅಧ್ಯಕ್ಷ. ಆ ಮಾತನ್ನು ಅವನು ಎತ್ತಲೇ ಇಲ್ಲ. ತಾಯಮ್ಮ ತಾನಾಗಿಯೇ ನೆನೆಸಿಕೊಂಡಳು. ಅವನು ಹೆದರಿಸಿದ್ದರೆ ಆಗಲ್ಲ ಅಂದುಬಿಡುತ್ತಿದ್ದಳೋ ಏನೋ.

"ಆಗ್ಲಿ ಗೌಡ್ರೆ" ಅಂದಳು.

ಅಷ್ಟಕ್ಕೇ ನಿಂತಿದ್ದರೂ ಆಗುತ್ತಿತ್ತು. ಹೆಣ ಎತ್ತಿದ ಕಾಲೋನಿಯವರು ದೊಡ್ಡಬೀದಿಗೆ ತಿರುಗಿದಾಗ ಅವಳು ಅಡ್ಡ ಬಂದಳು.

"ಏರಿ ಮ್ಯಾಲೆ ಓಗ್ಲಿ. ಅವ್ನೇ ಅಂದಿದ್ದ. ಮದ್ವೆ ಮನೆ ಮುಂದೆ ನನ್ನ ತಗೊಂಡೋಗ್ಬ್ಯಾಡಿ ಅಂದಿದ್ದ."

ಲಕ್ಕಯ್ಯ ಅಂದಿರಲಿಲ್ಲ. ಉಂಡು ಮಲಗಿದವನು ಏಳಲಿಲ್ಲ, ಅಷ್ಟೆ.

ಸತ್ತವನ ಮಾತು ಅಂದ ಮೇಲೆ ಯಾರೂ ಎದುರಾಡಲಿಲ್ಲ. ಎಷ್ಟೋ ವರ್ಷ ಹೆಣ ಹೋಗದೆ ಏರಿಯ ಮೇಲೆ ಮುಳ್ಳು ಬೆಳೆದಿತ್ತು. ಒಬ್ಬ ಮಚ್ಚು ಹಿಡಿದು ಸವರುತ್ತ ಮುಂದೆ ಹೋದ. ಅವ್ವ ಬಿದ್ದ ಬದುವಿನ ಮೇಲೆಯೇ ಲಕ್ಕಯ್ಯನೂ ಹೋದ.

ಮಗಳು ತೇಜಶ್ರೀ ಹಾಸನದಲ್ಲಿ ನರ್ಸು. ಹಾಲುತುಪ್ಪ ಬಿಟ್ಟು ಬಂದ ದಿನ ಕೇಳಿದಳು. "ಅವ್ವ, ಅಪ್ಪ ಯಾವಾಗ ಅಂಗಂದಿದ್ದು? ಸಾಯೋ ಮುಂಚಿನ್ ಸಂಜೆ ನನ್ ಜೊತೆ ಫೋನಲ್ಲಿ ಚೆನ್ನಾಗೇ ಮಾತಾಡಿತ್ತಲ್ಲ."

"ನಿಂಗೆ ಎಲ್ಲಾನೂ ಯೋಳ್ತಿತ್ತಾ ನಿಮ್ಮಪ್ಪ?"

ಮಗಳು ಮತ್ತೆ ಕೇಳಲಿಲ್ಲ. ಮಗ ಮೊದಲಿಗೇ ಕೇಳಿರಲಿಲ್ಲ. ಅವನ ಕೆಲಸ ಕಾಯಂ ಆಯಿತು. ಆ ಸಂಬಳದ ಅನ್ನ ಗಂಟಲಲ್ಲಿ ಇಳಿಯದೆ ಹೋಗಿದ್ದರೆ ತಾಯಮ್ಮನಿಗೆ ಸಮಾಧಾನವಾಗುತ್ತಿತ್ತು. ಇಳಿಯುತ್ತಿತ್ತು.

ರಾಗಿ ಕೊಯ್ಲಿನ ಹೊತ್ತಿಗೆ ಕಾಲೋನಿಯ ಮಲ್ಲಿಗಮ್ಮ ಸತ್ತಳು. ಜೀಪಿನ ಹಿಂದೆ ದೊಡ್ಡಬೀದಿಯಲ್ಲಿ ಹೋದ ಆ ಮೊದಲ ಹೆಣ ಇವಳ ಗಂಡನದೇ. ಈಗ ಬೀದಿಯಲ್ಲಿ ಮದುವೆ ಇರಲಿಲ್ಲ, ಚಪ್ಪರ ಇರಲಿಲ್ಲ. ಯಾರೂ ಹಿತ್ತಲಿಗೆ ಬಂದು ಕೇಳಿಕೊಂಡಿರಲಿಲ್ಲ. ಆದರೂ ನೀರಿನ ಟ್ಯಾಂಕಿನ ಹತ್ತಿರ, ದಾರಿ ಎರಡಾಗುವಲ್ಲಿ, ಬೆಂಕಿ ಮಡಕೆ ಹಿಡಿದಿದ್ದ ಅವಳ ಮಗ ಶಶಿಕುಮಾರ ಏರಿಯ ಕಡೆ ತಿರುಗಿದ.

"ಯಾಕ್ಲಾ ಆ ಕಡೆ?" ಅಂದ ಒಬ್ಬ ಮುದುಕ.

"ಲಕ್ಕಣ್ಣನೇ ಇಂಗೇ ಓಯ್ತಲ್ಲ ತಾತ. ಬೀದಿ ತಂದ್ಕೊಟ್ಟೋನೇ ಸಾಯಾಗ ಬ್ಯಾಡ ಅಂದ ಮ್ಯಾಲೆ ನಮ್ದೇನು?"

ಅವನು ಕುಹಕಕ್ಕೆ ಅನ್ನಲಿಲ್ಲ. ಲಕ್ಕಯ್ಯನ ಮೇಲಿನ ಗೌರವಕ್ಕೇ ಅಂದ. ತಾಯಮ್ಮ ಅಲ್ಲೇ ನಿಂತಳು. ಗಂಡ ಆಯುಷ್ಯ ಸವೆಸಿ ತೆರೆಸಿದ ಬೀದಿಯನ್ನು ಅವಳು ಒಂದು ಮಾತಿನಲ್ಲಿ ಮುಚ್ಚಿದ್ದಳು. ಅದೂ ಆ ಮಾತನ್ನು ಅವನ ಬಾಯಲ್ಲಿ ಇಟ್ಟು.

ಹೆಂಗಸರ ಗುಂಪು ಬಿಟ್ಟು ಚಟ್ಟದ ಎದುರು ಬಂದಳು.

"ನಿಲ್ಲು ಶಶಿ. ಅವ್ನು ಅನ್ನಲಿಲ್ಲ."

"ಏನ್ ಅನ್ನಲಿಲ್ಲ ದೊಡ್ಡವ್ವ?"

"ಏರಿ ಮ್ಯಾಲೆ ಓಗ್ಲಿ ಅಂತ ಅನ್ನಲಿಲ್ಲ. ಏನೂ ಅನ್ನಲಿಲ್ಲ. ಮಲಗಿದ್ದಂಗೇ ಓದ. ಸುಳ್ಳು ಯೋಳ್ದೋಳು ನಾನು."

ತಮಟೆ ನಿಂತಿತು. ಚಟ್ಟಕ್ಕೆ ಹೆಗಲು ಕೊಟ್ಟಿದ್ದ ಶಿವರಾಜು ಹಲ್ಲು ಕಚ್ಚಿದ. "ಅವ್ವ, ಸುಮ್ಕಿರು. ಜನ ಅವ್ರೆ."

"ಜನ ಅವ್ರೆ ಅಂತ್ಲೇ ಯೋಳ್ತಿರಾದು. ನಿನ್ ಕೆಲ್ಸಕ್ಕೆ ಎದ್ರುಕೊಂಡು ನಿಮ್ಮಪ್ಪನ್ನ ಮುಳ್ಳಿನ್ ದಾರೀಲಿ ಕಳಿಸ್ದೆ. ಯಾರೂ ಎದ್ರುಸ್ಲಿಲ್ಲ ಕಣ್ಲಾ. ನಾನೇ ಎದ್ರುಕೊಂಡೆ."

"ನಿನ್ ಬಾಯ್ಗೆ ಮಣ್ಣಾಕ" ಅಂದಳು ಹಿಂದಿನಿಂದ ಒಬ್ಬಳು. ತಾಯಮ್ಮ ತಿರುಗಿ ನೋಡಲಿಲ್ಲ. ಸರಿಯಾಗೇ ಅಂದಳು ಅನಿಸಿತು.

"ಎಗಲು ಸೋಲ್ತಾವೆ ದೊಡ್ಡವ್ವ," ಹೊತ್ತವರ ಕಡೆ ನೋಡಿ ಶಶಿಕುಮಾರ ಅಂದ. "ಯಾವ ಕಡೆ ಅಂತ ಬಿರ್ರನೆ ಯೋಳು."

"ನನ್ ಕೇಳ್ಬ್ಯಾಡ. ನಿಮ್ಮಪ್ಪ ಯಾವ ಕಡೆ ಓದ?"

ಶಶಿಕುಮಾರ ಒಮ್ಮೆ ಏರಿಯ ಕಡೆ ನೋಡಿದ. ಆಮೇಲೆ ದೊಡ್ಡಬೀದಿಗೆ ತಿರುಗಿದ. ತಮಟೆ ಮತ್ತೆ ಬಡಿಯಿತು.

ದೇವರಾಜು ಜಗಲಿಯಲ್ಲಿ ಕೂತಿದ್ದ. ಹೆಣ ಬಂದದ್ದು ಕಂಡು ಎದ್ದು ನಿಂತ. ತಾಯಮ್ಮನ ಮುಖ ನೋಡಿ ತಲೆ ತಗ್ಗಿಸಿದ. ಅವನ ಮೇಲೆ ಅವಳಿಗೆ ಸಿಟ್ಟಿರಲಿಲ್ಲ. ಅವನು ಕೇಳಿದ್ದ. ಕೊಟ್ಟವಳು ಅವಳು.

ಮಣ್ಣು ಮಾಡಿ ಎಲ್ಲರೂ ಬಂದ ದಾರಿಯಲ್ಲೇ ಹಿಂದಿರುಗಿದರು. ತಾಯಮ್ಮನ ಜೊತೆ ಯಾರೂ ಮಾತಾಡಲಿಲ್ಲ. ಶಿವರಾಜು ತುಂಬ ಮುಂದೆ ಹೋಗಿದ್ದ. ಹೆಣದ ಮೇಲೆ ಎರಚಿದ ಪುರಿ ದೊಡ್ಡಬೀದಿಯ ಉದ್ದಕ್ಕೂ ಬಿದ್ದಿತ್ತು. ಕೋಳಿಗಳು ಹೆಕ್ಕುತ್ತಿದ್ದವು. ಲಕ್ಕಯ್ಯನಿಗೆ ಎರಚಿದ ಪುರಿ ಏರಿಯ ಮುಳ್ಳಿನೊಳಗೆ ಬಿದ್ದು ಕೊಳೆತು ಹೋಗಿತ್ತು.

ಆ ಜೀಪಿನ ದಿನದಿಂದ ಇಲ್ಲಿಯವರೆಗೆ ಕಾಲೋನಿಯಲ್ಲಿ ಸತ್ತವರೆಲ್ಲ ದೊಡ್ಡಬೀದಿಯಲ್ಲೇ ಹೋದರು. ಲಕ್ಕಯ್ಯನೊಬ್ಬ ಹೋಗಲಿಲ್ಲ.