ದಾಯಮ್ಮ ನನ್ನ ಜೊತೆ ಲಿಂಗಸುಗೂರಿಗೆ ಬಂದದ್ದು

ನನ್ನ ಮೊದಲ ಹೆರಿಗೆ ಆದದ್ದು ಮಸ್ಕಿಯ ತವರುಮನೆಯಲ್ಲಿ. ಆಗ ನನಗೆ ಹದಿನೆಂಟು. ಎರಡು ದಿನ ನೋವು ತಿಂದು, ಹೊತ್ತು ನೆತ್ತಿಗೆ ಬಂದಾಗ ಗಂಡುಮಗುವನ್ನು ಹಡೆದೆ. ಹೆರಿಗೆ ಮಾಡಿಸಿದವಳು ನಮ್ಮ ಓಣಿಯ ಮುಸ್ಲಿಂ ಮುದುಕಿ. ಎಲ್ಲ ಜಾತಿಯ ಮನೆಗಳಿಗೂ ಅವಳೇ ಸೂಲಗಿತ್ತಿ. ಊರೆಲ್ಲ ಅವಳನ್ನು ದಾಯಮ್ಮ ಎನ್ನುತ್ತಿತ್ತು. ನಾನು ಹುಟ್ಟಿದಾಗ ಹೊಕ್ಕುಳಬಳ್ಳಿ ಕೊಯ್ದವಳೂ ಅವಳೇ.

ಕೂಸು ದೊಡ್ಡದಿತ್ತು. ತಲೆ ಹೊರಬರುವಾಗ ಹೊಸ ಬಟ್ಟೆ ಪರ್ರನೆ ಹರಿದ ಹಾಗಾಯಿತು. "ಹರೀತು!" ಎಂದು ಕೂಗಿದೆ.

"ಏನೂ ಆಗಿಲ್ಲ ಮಗಳ. ಗಂಡು ಹುಟ್ಟ್ಯಾನ ನೋಡು," ಎಂದಳು ದಾಯಮ್ಮ. ಆದರೆ ಅವಳು ನೋಡುತ್ತಿದ್ದದ್ದು ಮಗುವನ್ನಲ್ಲ.

ಬಾಣಂತನ ಎಲ್ಲರ ಮನೆಯಲ್ಲಿ ಆಗುವ ಹಾಗೆಯೇ ಆಯಿತು. ಬಿಸಿನೀರು, ಅಜವಾನದ ಹೊಗೆ, ಅರಿಶಿನ ಹಚ್ಚಿದ ಬಟ್ಟೆ. ಉರಿ ಕಡಿಮೆಯಾಯಿತು, ಗಾಯ ಮಾಯಿತು. ಆದರೆ ಒಂದು ದಿನ ಕೆಮ್ಮಿದಾಗ ನನಗೆ ಗೊತ್ತಿಲ್ಲದೆ ಗಾಳಿ ಹೋಯಿತು. ಅವ್ವ ನಕ್ಕಳು, ನಾನೂ ನಕ್ಕೆ. ನಾಲ್ಕು ದಿನ ಬಿಟ್ಟು ಹೊಟ್ಟೆ ಕೆಟ್ಟಾಗ, ಎದ್ದು ಹಿತ್ತಲಿಗೆ ಹೋಗುವಷ್ಟರಲ್ಲಿ ಸೀರೆ ಹಾಳಾಗಿತ್ತು. ಆಗ ನಗು ಬರಲಿಲ್ಲ. ಬಾಣಂತಿಯರಿಗೆ ಹೀಗೆ ಆಗುತ್ತದೆ, ಐದು ತಿಂಗಳಾದ ಮೇಲೆ ಸರಿಹೋಗುತ್ತದೆ ಅಂದುಕೊಂಡೆ.

ಐದನೇ ತಿಂಗಳಿಗೆ ಕೂಸನ್ನು ಎತ್ತಿಕೊಂಡು ಗಂಡನ ಮನೆಗೆ ಹೋದೆ. ಅವರ ಊರು ವಳಕಮದಿನ್ನಿಗೆ ಕಾಲುವೆ ನೀರು ಬಂದು ನಾಲ್ಕೈದು ವರ್ಷವಾಗಿತ್ತು. ಜೋಳ ಬೆಳೆಯುತ್ತಿದ್ದ ನಮ್ಮ ಹೊಲದಲ್ಲಿ ಈಗ ಭತ್ತ. ನನ್ನಂಥವಳಿಗೆ ಆ ನೀರಿನಿಂದ ಉಪಕಾರವೂ ಆಯಿತು, ಪೇಚಾಟವೂ ಆಯಿತು. ದಿನಕ್ಕೆ ನಾಲ್ಕು ಸಲ ಬಟ್ಟೆ ಒಗೆದರೂ ನೀರಿಗೆ ಬರವಿರಲಿಲ್ಲ. ಆದರೆ ಮೊದಲು ಜೋಳದ ಹೊಲದಲ್ಲಿ ಎಲ್ಲಿ ಬೇಕಾದರೂ ಮರೆಯಾಗಿ ಕೂಡಬಹುದಿತ್ತು. ಈಗ ಎತ್ತ ನೋಡಿದರೂ ನೀರು ನಿಂತ ಗದ್ದೆ. ಹೆಂಗಸರು ತಂಬಿಗೆ ಹಿಡಿದು ರಸ್ತೆಯ ದಂಡೆಯವರೆಗೆ ನಡೆಯಬೇಕಿತ್ತು. ಅಷ್ಟು ದೂರ ತಡೆದುಕೊಳ್ಳುವ ಶಕ್ತಿ ನನಗಿರಲಿಲ್ಲ. ಹೀಗಾಗಿ ಮಧ್ಯಾಹ್ನದ ಊಟ ಬಿಟ್ಟೆ. ಸಸಿ ನಾಟುವ ಹೆಂಗಸರ ಸಾಲಿನಲ್ಲಿ ಬಗ್ಗಿ ನಿಲ್ಲಲು ಹೆದರಿ, ಕೂಸಿನ ನೆಪ ಹೇಳಿ ಮನೆಯಲ್ಲಿ ಉಳಿಯುತ್ತಿದ್ದೆ. ಗಂಡನ ಹತ್ತಿರ ಮಲಗದಿರುವುದಕ್ಕೂ ಕೂಸೇ ನೆಪ.

ನಾಚಿಕೆ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ನಾಚಿಕೆಗಿಂತ ಹೆಚ್ಚು ಕಾಡಿದ್ದು ಒಂದೇ ಪ್ರಶ್ನೆ: ಒಳಗೆ ಆಗಿರುವುದೇನು? ಚಿಕ್ಕಂದಿನಿಂದ ನನಗೆ ಈ ಚಟ. ಗಿರಣಿಯ ಪಟ್ಟ ಹೇಗೆ ತಿರುಗುತ್ತದೆ, ಬಾವಿಯ ಕಪ್ಪೆ ಬೇಸಿಗೆಯಲ್ಲಿ ಎಲ್ಲಿಗೆ ಹೋಗುತ್ತದೆ ಎಂದು ಕೇಳಿ ಅಪ್ಪನ ತಲೆ ತಿನ್ನುತ್ತಿದ್ದೆ. ಈಗ ನನ್ನ ಮೈಯೇ ನನಗೆ ತಿಳಿಯದ ಯಂತ್ರವಾಗಿತ್ತು. ಒಂದು ಮಧ್ಯಾಹ್ನ ಅತ್ತೆ ಹೊರಗೆ ಹೋದಾಗ ಬಾಗಿಲ ಚಿಲಕ ಹಾಕಿ, ಕೈಗನ್ನಡಿಯನ್ನು ನೆಲದ ಮೇಲಿಟ್ಟು ಕುಕ್ಕರುಗಾಲಲ್ಲಿ ಕೂತು ನೋಡಿಕೊಂಡೆ. ಅದಕ್ಕೆ ಮೊದಲು ಆ ಜಾಗವನ್ನು ನಾನು ಒಮ್ಮೆಯೂ ನೋಡಿರಲಿಲ್ಲ. ಮೊದಲು ಹೇಗಿತ್ತೆಂದು ಗೊತ್ತಿಲ್ಲದವಳಿಗೆ ಈಗ ಏನು ಕೆಟ್ಟಿದೆ ಎಂದು ಹೇಗೆ ತಿಳಿಯಬೇಕು? ಮುಂದಿನ ದಾರಿಗೂ ಹಿಂದಿನ ದಾರಿಗೂ ನಡುವೆ ಬೆರಳಗಲದ ಜಾಗವೂ ಇರಲಿಲ್ಲ. ಎಲ್ಲರಿಗೂ ಹೀಗೇ ಇರುತ್ತದೆಯೋ?

ಕಾಲುವೆಯ ಮೆಟ್ಟಿಲ ಮೇಲೆ ಬಟ್ಟೆ ಒಗೆಯುವಾಗ ಹೆಂಗಸರನ್ನು ಸುತ್ತುಬಳಸಿ ಕೇಳತೊಡಗಿದೆ. "ಹಡೆದ ಮ್ಯಾಲೆ ಗಾಳಿ ತಡಕೊಳ್ಳಾಕ ಆಗ್ತದೇನು?" ಒಬ್ಬಳು ನಕ್ಕಳು. ಮತ್ತೊಬ್ಬಳು, "ನನಗ ಏನೂ ಆಗಿಲ್ಲವ್ವ, ಆರು ಹಡದೀನಿ," ಎಂದಳು. ಮೂರನೆಯವಳು ಮಾತೇ ಆಡದೆ ಬಟ್ಟೆ ಹಿಂಡಿಕೊಂಡು ಎದ್ದು ಹೋದಳು. ಅವಳ ಬೆನ್ನನ್ನು ಬಹಳ ಹೊತ್ತು ನೋಡಿದೆ. ಹಾಗಾದರೆ ಇದು ಎಲ್ಲರಿಗೂ ಆಗುವುದಲ್ಲ, ಆದರೆ ನನಗೊಬ್ಬಳಿಗೇ ಆದದ್ದೂ ಅಲ್ಲ ಎಂದು ಅವತ್ತು ತಿಳಿಯಿತು.

ಮಗನಿಗೆ ಎರಡು ತುಂಬುವ ಹೊತ್ತಿಗೆ ತಂಗಿಯ ಸೀರೆಶಾಸ್ತ್ರಕ್ಕೆಂದು ಮಸ್ಕಿಗೆ ಹೋದೆ. ಹೋದವಳು ಸೀದಾ ದಾಯಮ್ಮನ ಮನೆಗೆ ನಡೆದೆ. ಅವಳು ಅಂಗಳದಲ್ಲಿ ಕೂತು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದಳು. ನಾನು ಪಕ್ಕದಲ್ಲಿ ಕೂತು, ತೊಟ್ಟು ಬಿಡಿಸುತ್ತಲೇ ಎಲ್ಲ ಹೇಳಿದೆ. ಬೈಯಬೇಕೆಂದು ಹೋಗಿರಲಿಲ್ಲ, ಅವಳಿಗೆ ಗೊತ್ತಿರುತ್ತದೆ ಎಂದು ಹೋಗಿದ್ದೆ.

ಅವಳ ಕೈ ನಿಂತಿತು. "ನನಗ ಅವತ್ತs ಗೊತ್ತಿತ್ತು ಮಗಳ. ಹಿಂದಕಿನ ತನಕ ಹರಿದಿತ್ತು."

"ಮತ್ತ ಯಾಕ ಹೇಳಲಿಲ್ಲ?"

"ಹೇಳಿ ಏನ ಮಾಡ್ಲಿ? ಕಾಲು ಕೂಡಿಸಿ ಕಟ್ಟಿ ಮಲಗಿಸಿದೆ, ತಾನs ಕೂಡ್ತದ ಅಂದ್ಕೊಂಡೆ. ಒಬ್ಬೊಬ್ಬರಿಗೆ ಕೂಡ್ತದ, ಒಬ್ಬೊಬ್ಬರಿಗೆ ಇಲ್ಲ. ಯಾಕಂತ ನನಗೂ ತಿಳಿದಿಲ್ಲ. ನಲವತ್ತ ವರ್ಷ ಆತು, ತಿಳಿದಿಲ್ಲ." ಮತ್ತೊಂದು ಮೆಣಸಿನಕಾಯಿ ಎತ್ತಿಕೊಂಡು ಹೇಳಿದಳು: "ಲಿಂಗಸುಗೂರು ದವಾಖಾನಿಗೆ ಒಬ್ಬಾಕಿ ಡಾಕ್ಟರಮ್ಮ ಬಂದಾಳಂತ. ಹಳೇ ಹರಕು ಬಿಚ್ಚಿ ಮತ್ತ ಹೊಲೀತಾಳಂತ. ಖರೇನೋ ಸುಳ್ಳೋ ಯಾರಿಗ್ಗೊತ್ತು. ನಡಿ, ನಾನೂ ಬರ್ತೀನಿ. ನಾನೂ ನೋಡಬೇಕು."

ಮರುದಿನವೇ ಬಸ್ಸು ಹತ್ತಿದೆವು. ಮಗನನ್ನು ಅವ್ವ ಇಟ್ಟುಕೊಂಡಳು. ಹಿಂದಿನ ಸಂಜೆಯಿಂದ ಏನೂ ತಿಂದಿರಲಿಲ್ಲವಾದ್ದರಿಂದ ದಾರಿಯಲ್ಲಿ ಅಂಜಿಕೆಯಿರಲಿಲ್ಲ, ಹಸಿವು ಮಾತ್ರ ಇತ್ತು.

ಡಾಕ್ಟರಮ್ಮ ಮೈಸೂರು ಕಡೆಯವರು, ಮೂವತ್ತರ ಆಸುಪಾಸು. ಅವರ ಕನ್ನಡ ನಮಗೆ ಅರ್ಧ ತಿಳಿಯುತ್ತಿತ್ತು, ನಮ್ಮ ಕನ್ನಡ ಅವರಿಗೆ ಅರ್ಧ. "ಏನು ತೊಂದರೆ?" ಎಂದರು. ಬಸ್ಸಿನಲ್ಲಿ ಮನಸ್ಸಿನೊಳಗೇ ಜೋಡಿಸಿಕೊಂಡಿದ್ದ ಮಾತೆಲ್ಲ ಕುರ್ಚಿಯ ಮೇಲೆ ಕೂತ ಕೂಡಲೇ ಮಾಯವಾಗಿತ್ತು.

"ಈಕೀಗೆ ಹೊರಕಡೆ ತಡಕೊಳ್ಳಾಕ ಆಗಂಗಿಲ್ರಿ," ಎಂದಳು ದಾಯಮ್ಮ.

"ಹೊರಕಡೆ ಅಂದ್ರೆ? ಮನೆಯಿಂದ ಹೊರಗೆ ಹೋದಾಗ್ಲಾ?"

ದಾಯಮ್ಮ ನನ್ನನ್ನು ನೋಡಿದಳು. ಆಮೇಲೆ, ದವಾಖಾನೆಯಲ್ಲಿ ಯಾರೂ ಆಡದ ಎರಡು ಅಪ್ಪಟ ಶಬ್ದಗಳಲ್ಲಿ, ದೊಡ್ಡ ದನಿಯಲ್ಲಿ ಬಿಡಿಸಿ ಹೇಳಿದಳು. ನರ್ಸು ಬಾಯಿಗೆ ಕೈ ಹಿಡಿದುಕೊಂಡಳು. ಡಾಕ್ಟರಮ್ಮ ನಗಲಿಲ್ಲ. "ಗಾಳೀನಾ, ತೆಳ್ಳಗಿದ್ದಾಗಲಾ, ಗಟ್ಟಿಯಾಗಿದ್ರೂ ಹೀಗೇನಾ?" ಎಂದು ಒಂದೊಂದಾಗಿ ಕೇಳಿದರು. ಇದರಲ್ಲೂ ತರತಮವಿದೆ, ಅದನ್ನು ಒಬ್ಬರು ಹೀಗೆ ಕಾಳಜಿಯಿಂದ ವಿಂಗಡಿಸಿ ಕೇಳುತ್ತಾರೆ ಎಂಬುದೇ ನನಗೆ ಸೋಜಿಗವಾಯಿತು. ನಾಲಿಗೆ ಸಡಿಲವಾಯಿತು.

ಪರದೆಯ ಹಿಂದೆ ಮಲಗಿಸಿ ಕೈಗವಸು ಹಾಕಿ ಪರೀಕ್ಷಿಸಿದರು. "ಬಿಗಿಹಿಡೀರಿ," ಎಂದರು. ನಾನು ಹಲ್ಲು ಕಚ್ಚಿ, ಮುಷ್ಟಿ ಬಿಗಿದು, ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿದೆ. "ಈಗ ಬಿಗಿಹಿಡೀರಿ," ಎಂದರು ಮತ್ತೆ. ನಾನು ಆಗಲೇ ಹಿಡಿದಿದ್ದೆ.

ಆಮೇಲೆ ನನ್ನನ್ನು ಕೂಡಿಸಿಕೊಂಡು ಕೇಳಿದರು: "ನಿಮ್ಮ ಲಂಗದ ಲಾಡಿ ಯಾವತ್ತಾದ್ರೂ ಕಿತ್ತುಹೋಗಿದೆಯಾ?"

"ಹೂಂ ರೀ."

"ಕಿತ್ತಾಗ ತುದಿಗಳು ಏನಾಗುತ್ವೆ?"

"ಎರಡೂ ಕಡೆ ಮಡಿಕಿ ಒಳಗ ಸರಕೊಂಡು ಹೋಗ್ತಾವು ರೀ."

"ಅಲ್ಲೂ ಸುತ್ತಲೂ ಮಾಂಸದ್ದೇ ಒಂದು ಲಾಡಿ ಇರುತ್ತೆ. ನಿಮ್ಮದು ಹೆರಿಗೇಲಿ ತುಂಡಾಗಿದೆ. ಮೇಲೆ ಚರ್ಮ ಕೂಡಿಕೊಂಡಿದೆ, ಒಳಗಿನ ಲಾಡಿ ಕೂಡಿಲ್ಲ. ಅದಕ್ಕೇ ಬಿಗಿಯಾಗ್ತಿಲ್ಲ."

ಎರಡು ವರ್ಷ ನನ್ನನ್ನು ಕಾಡಿದ್ದು ಇಷ್ಟೇ. ಯಾವ ಪಾಪದ ಫಲವೂ ಅಲ್ಲ, ಬಾಣಂತನದಲ್ಲಿ ತಿಂದ ತಂಪಿನ ಪದಾರ್ಥವೂ ಅಲ್ಲ. ನನಗೆ ಅಳು ಬರಬೇಕಿತ್ತು, ಬಂದದ್ದು ಸಮಾಧಾನ. ಅಷ್ಟರಲ್ಲಿ ದಾಯಮ್ಮ ಮುಂದಕ್ಕೆ ಬಾಗಿ, "ಎರಡ ವರ್ಷ ಆದ ಮ್ಯಾಲೂ ಆ ತುದಿ ಸಿಗ್ತಾವೇನ್ರಿ?" ಎಂದು ಕೇಳಿದಳು.

"ಹುಡುಕಬೇಕು. ಸಾಮಾನ್ಯವಾಗಿ ಸಿಗುತ್ವೆ." ಡಾಕ್ಟರಮ್ಮ ಅವಳನ್ನು ನೋಡಿದರು. "ಇವರಿಗೆ ಹೆರಿಗೆ ಮಾಡಿಸಿದ್ದು ಯಾರು?"

ಬಾಗಿಲಾಚೆ ಯಾರದೋ ಕೂಸು ಅಳುತ್ತಿತ್ತು. "ನಾನs ರೀ," ಎಂದಳು ದಾಯಮ್ಮ.

ಬೈಗುಳ ಬೀಳುತ್ತದೆ ಎಂದುಕೊಂಡೆ. ಡಾಕ್ಟರಮ್ಮ ಕುರ್ಚಿ ಹತ್ತಿರ ಎಳೆದುಕೊಂಡು, "ತಲೆ ಬರೋವಾಗ ನೀವು ಕೈ ಎಲ್ಲಿಡ್ತೀರಿ? ತೋರಿಸಿ," ಎಂದರು. ದಾಯಮ್ಮ ತನ್ನ ಎಡ ಮುಷ್ಟಿಯನ್ನೇ ಕೂಸಿನ ತಲೆ ಮಾಡಿ, ಬಲಗೈಯಿಂದ ತೋರಿಸಿದಳು. ಡಾಕ್ಟರಮ್ಮ ಅವಳ ಬಲಗೈಯನ್ನು ಹಿಡಿದು ಎರಡು ಬೆರಳು ಕೆಳಕ್ಕೆ ಸರಿಸಿದರು. "ಇಲ್ಲಿ ಬಟ್ಟೆ ಒತ್ತಿ ಹಿಡೀರಿ. ತಲೆಗೆ ಅವಸರ ಮಾಡಲಿಕ್ಕೆ ಬಿಡಬೇಡಿ." ಹೊರಗೆ ಸಾಲಿನಲ್ಲಿದ್ದವರು ಗೊಣಗುತ್ತಿದ್ದರು. ಒಳಗೆ ಇವರಿಬ್ಬರೂ ಮುಷ್ಟಿ ಹಿಡಿದುಕೊಂಡು ಕೂತಿದ್ದರು.

ಆಪರೇಷನ್‌ಗೆ ಗಂಡನ ಸಹಿ ಬೇಕಿತ್ತು. ಅಂದರೆ ಅವರಿಗೆ ಹೇಳಲೇಬೇಕಿತ್ತು. ವಳಕಮದಿನ್ನಿಗೆ ಮರಳಿ, ಗದ್ದೆಯ ಬದುವಿನ ಮೇಲೆ ಅವರಿಗೆ ರೊಟ್ಟಿ ಬಿಚ್ಚಿಟ್ಟು, ನೀರಿನ ಕಡೆ ಮುಖ ಮಾಡಿ ಹೇಳಿದೆ. ಲಾಡಿಯ ವಿಷಯವನ್ನೂ ಡಾಕ್ಟರಮ್ಮ ಹೇಳಿದ ಹಾಗೆಯೇ ಹೇಳಿದೆ. ಅವರು ತುತ್ತು ಕೈಯಲ್ಲೇ ಹಿಡಿದಿದ್ದರು.

"ನನ್ನ ಮ್ಯಾಲೆ ನಿನಗ ಮನಸಿಲ್ಲ ಅಂತ ತಿಳಕೊಂಡಿದ್ದೆ," ಎಂದರು. "ಎರಡ ವರ್ಷ ಹಂಗs ತಿಳಕೊಂಡಿದ್ದೆ."

ಅತ್ತೆ ಒಪ್ಪಲಿಲ್ಲ. "ಇಂಥಾದಕ್ಕೆಲ್ಲ ದವಾಖಾನಿಗೆ ಹೋಗ್ತಾರೇನು? ನಾವು ಹಡದಿಲ್ಲೇನು?" ಎಂದರು. ಗಂಡ ಅವರಿಗೆ ಏನು ಹೇಳಿದರೋ ನನಗೆ ತಿಳಿಯದು. ನಾಟಿ ಮುಗಿದ ವಾರವೇ ಲಿಂಗಸುಗೂರಿಗೆ ಬಂದು ಸಹಿ ಮಾಡಿ, ಎರಡು ದಿನ ದವಾಖಾನೆಯ ಬೇವಿನ ಮರದ ಕೆಳಗೆ ಕೂತಿದ್ದು ಹೋದರು.

ಮೂರು ದಿನ ಗಂಜಿನೀರು, ಎನಿಮಾ. ನಂತರ ಬೆನ್ನಿಗೊಂದು ಸೂಜಿ. ಸೊಂಟದಿಂದ ಕೆಳಗೆ ನನ್ನ ಕಾಲುಗಳು ಬೇರೆಯವರ ಕಾಲಿನ ಹಾಗೆ ಬಿದ್ದುಕೊಂಡವು. ಎಚ್ಚರವಿದ್ದೆ. ಮಸ್ಕಿಯಿಂದ ಬಂದಿದ್ದ ದಾಯಮ್ಮ ಎಷ್ಟು ಅಂಗಲಾಚಿದ್ದಳೋ, ಮೊಣಕೈವರೆಗೆ ಸಾಬೂನು ಹಚ್ಚಿ ತೊಳೆಸಿ, ಬಾಯಿಗೆ ಬಟ್ಟೆ ಕಟ್ಟಿಸಿ, ಏನನ್ನೂ ಮುಟ್ಟಬಾರದೆಂಬ ಕರಾರಿನ ಮೇಲೆ ಅವಳನ್ನು ಒಳಗೆ ಬಿಟ್ಟಿದ್ದರು. ನನ್ನ ಎದೆಯ ಮುಂದೆ ಅಡ್ಡ ಬಟ್ಟೆ ಹಾಕಿದ್ದರಿಂದ ನನಗೆ ಕಾಣುತ್ತಿದ್ದದ್ದು ಅವಳ ಎರಡು ಕಣ್ಣು ಮಾತ್ರ. ನಾನು ಅವನ್ನೇ ನೋಡುತ್ತ ಮಲಗಿದೆ. ಅವು ಕಿರಿದಾದವು, ಮತ್ತಷ್ಟು ಕಿರಿದಾದವು, ಬಹಳ ಹೊತ್ತು ಹಾಗೇ ಇದ್ದವು. ಒಮ್ಮೆಲೇ ಅರಳಿದವು.

"ಮಗಳ, ಒಂದು ಸಿಕ್ತು!" ಎಂದು ಕೂಗಿದಳು.

"ಸುಮ್ನಿರಿ," ಎಂದರು ಡಾಕ್ಟರಮ್ಮ. ಸ್ವಲ್ಪ ಹೊತ್ತಿನ ನಂತರ ಅವರೇ, "ಇನ್ನೊಂದೂ ಸಿಕ್ತು, ಹೇಳಿ ಅವರಿಗೆ," ಎಂದರು.

ಮುಂದಿನ ಹನ್ನೆರಡು ದಿನ ಸುಲಭವಿರಲಿಲ್ಲ. ಸೂಜಿಯ ಜೋಮು ಇಳಿದ ಮೇಲೆ ಬಂದ ನೋವು ಹೆರಿಗೆಯಷ್ಟಲ್ಲದಿದ್ದರೂ ಅದರ ತಂಗಿಯಂತಿತ್ತು. ಐದು ದಿನ ಬರೀ ಗಂಜಿ, ಆಮೇಲೆ ಎಣ್ಣೆಯಂಥ ಒಂದು ಔಷಧಿ. ನೇರಳೆ ಬಣ್ಣದ ಔಷಧಿ ಹಾಕಿದ ಬೆಚ್ಚಗಿನ ನೀರಿನ ಬೋಗುಣಿಯಲ್ಲಿ ದಿನಕ್ಕೆ ಮೂರು ಹೊತ್ತು ಕೂಡಬೇಕಿತ್ತು. ಮೊದಲ ಸಲ ಹೊರಕಡೆಗೆ ಹೋಗುವ ದಿನ ಹೊಲಿಗೆ ಬಿಚ್ಚಿಹೋಗುತ್ತದೆಂಬ ಅಂಜಿಕೆಗೆ ಬೆವತು ಹೋಗಿದ್ದೆ. ಬಿಚ್ಚಲಿಲ್ಲ.

ಊರಿಗೆ ಹೋಗುವ ದಿನ ಡಾಕ್ಟರಮ್ಮ ಮತ್ತೆ ಬೆರಳಿಟ್ಟು, "ಬಿಗಿಹಿಡೀರಿ," ಎಂದರು. ಹಿಡಿದೆ. "ಹ್ಞಾಂ!" ಎಂದರು. ಮೈಯೊಳಗೆ ಏನೋ ಒಂದು ನನ್ನ ಮಾತು ಕೇಳಿತು. ಆ ಖುಷಿಯನ್ನು ಯಾರಿಗೆ ಹೇಳಬೇಕೋ ತಿಳಿಯದೆ ನರ್ಸಿಗೆ ಹೇಳಿದೆ. ಎಲ್ಲವೂ ಮೊದಲಿನಂತಾಯಿತು ಎಂದರೆ ಸುಳ್ಳಾಗುತ್ತದೆ. ಹೊಟ್ಟೆ ಕೆಟ್ಟ ದಿನ ಈಗಲೂ ನಾನು ಮನೆ ಬಿಟ್ಟು ಕದಲುವುದಿಲ್ಲ. ಆದರೆ ಉಣ್ಣಬಲ್ಲೆ, ನಗಬಲ್ಲೆ, ನಾಲ್ಕು ಮಂದಿಯ ನಡುವೆ ಕೂಡಬಲ್ಲೆ ಎಂದಾಯಿತು. ಕಾಲುವೆಯಿಂದ ಮಾತಿಲ್ಲದೆ ಎದ್ದು ಹೋದ ಹೆಂಗಸಿಗೆ ಒಂದು ದಿನ ಏಕಾಂತದಲ್ಲಿ ಎಲ್ಲ ತಿಳಿಸಿ ಹೇಳಿದೆ. ಕೇಳಿಸಿಕೊಂಡಳು. ದವಾಖಾನೆಗೆ ಹೋದಳೋ ಇಲ್ಲವೋ ಗೊತ್ತಾಗಲಿಲ್ಲ. ಕೇಳುವ ಹಕ್ಕು ನನಗಿರಲಿಲ್ಲ.

ದಾಯಮ್ಮ ಮಾತ್ರ ಬದಲಾದಳು. ಹೆರಿಗೆಯಾದ ಮೇಲೆ ಕೂಸನ್ನು ಬೇರೆಯವರ ಕೈಗೆ ಕೊಟ್ಟು, ತಾಯಿಯನ್ನು ಬೆಳಕಿಗೆ ಮಲಗಿಸಿ ಹರಿದಿದೆಯೇ ಎಂದು ನೋಡುವುದು ಅವಳ ರೂಢಿಯಾಯಿತು. ಹಿಂದಿನವರೆಗೆ ಹರಿದಿದ್ದರೆ ಅದೇ ದಿನ ಬಸ್ಸು ಹತ್ತಿಸಿ ಲಿಂಗಸುಗೂರಿಗೆ ಕಳಿಸುತ್ತಿದ್ದಳು. ಒಪ್ಪದ ಮನೆಯವರ ಬಾಗಿಲಲ್ಲಿ ನಿಂತು ಜಗಳ ಆಡುತ್ತಿದ್ದಳಂತೆ.

ಮೂರು ವರ್ಷ ಬಿಟ್ಟು ನಾನು ಮತ್ತೆ ಬಸಿರಾದಾಗ ಹೆರಿಗೆ ದವಾಖಾನೆಯಲ್ಲೇ ಆಗಬೇಕೆಂದು ಮೊದಲೇ ತೀರ್ಮಾನವಾಗಿತ್ತು. ಅದೃಷ್ಟಕ್ಕೆ ಡಾಕ್ಟರಮ್ಮನಿಗೆ ಇನ್ನೂ ವರ್ಗವಾಗಿರಲಿಲ್ಲ. ದಾಯಮ್ಮ ಯಾರೂ ಕರೆಯದಿದ್ದರೂ ಬಂದು ಕೈ ತೊಳೆದುಕೊಂಡು ನಿಂತಳು. ಕೊನೆಯ ನೋವಿನಲ್ಲಿ ಡಾಕ್ಟರಮ್ಮ ಸೂಜಿ ಚುಚ್ಚಿ, ಕತ್ತರಿ ತೆಗೆದುಕೊಂಡು ಕಚಕ್ಕನೆ ಒಂದು ಕಡೆ ಕೊಯ್ದರು.

"ಅಯ್ಯ! ಬೇಕಂತ ಕೊಯ್ತೀರೇನ್ರಿ?" ಎಂದಳು ದಾಯಮ್ಮ.

"ತಾನಾಗಿ ಹರಿದ್ರೆ ಎಲ್ಲಿಗೆ ಹೋಗುತ್ತೋ ಗೊತ್ತಿಲ್ಲ. ಕೊಯ್ದರೆ ನಾನು ಹೇಳಿದ ಕಡೆ ಹೋಗುತ್ತೆ."

"ಮತ್ತ ವಾರೆ ಯಾಕ ಕೊಯ್ದ್ರಿ? ನೆಟ್ಟಗ ಯಾಕಲ್ಲ?"

"ನೆಟ್ಟಗೆ ಹೋದ್ರೆ ಹಳೇ ಹೊಲಿಗೆ ಮೇಲೇ ಬರುತ್ತಲ್ಲ, ನೋಡಿ ಇಲ್ಲಿ."

ಇಬ್ಬರೂ ಬಗ್ಗಿ ನೋಡುತ್ತಿದ್ದರು. ಕೂಸು ಹೊರಬಂದು, ಅತ್ತು, ನರ್ಸಿನ ಕೈ ಸೇರಿ ಎಷ್ಟೋ ಹೊತ್ತಾಗಿತ್ತು. ಹೊಲಿಗೆ ಮೊದಲು ಒಳಗಿನದೋ ಮೇಲಿನದೋ ಎಂಬಲ್ಲಿಗೆ ಅವರ ಮಾತು ಬಂದಿತ್ತು.

"ಯಾರರ ಹೇಳ್ರೀ," ಎಂದೆ ನಾನು, "ಹೆಣ್ಣೋ, ಗಂಡೋ?"

ಇಬ್ಬರೂ ತಲೆಯೆತ್ತಿದರು. ಇಬ್ಬರಿಗೂ ಗೊತ್ತಿರಲಿಲ್ಲ. ನರ್ಸೇ ಕೂಸನ್ನು ತಂದು ನನ್ನ ಪಕ್ಕದಲ್ಲಿ ಮಲಗಿಸಿ, ಹೆಣ್ಣು ಎಂದಳು.